ಫುಲ್ ಫೇಸ್ ಹೆಲ್ಮೆಟ್ ಅಂತ ಕೊಟ್ಟಿದ್ದರ ಬಗ್ಗೆ, ಮತ್ತೆ ಶನಿವಾರ ನಿಮ್ಮ ಅಂಗಡೀಲಿ ಆಗಿದ್ದರ ಬಗ್ಗೆ ದೂರು

ಮಾನ್ಯರೇ,

ಆರು ಸಲ ಫೋನ್ ಮಾಡಿದೀನಿ, ಮೂರು ಮೇಲ್ ಹಾಕಿದೀನಿ, ಎರಡು ಸಲ ಖುದ್ದು ಅಂಗಡಿಗೆ ಬಂದಿದೀನಿ. ಒಂದ್ ಸಲಾನೂ ದನಿ ಎತ್ತಿಲ್ಲ. ಮೊನ್ನೆ ಶನಿವಾರ ಆಗಿದ್ದು ನೋಡಿದ್ಮೇಲೆ ಇನ್ನು ಬಾಯ್ಮಾತು ಸಾಕು ಅನ್ನಿಸ್ತು, ಅದಕ್ಕೇ ಬರೆದು ಕೊಡ್ತಿದೀನಿ.

ನಾನು ರೇಸರ್ ಅಲ್ಲ. ವಯಸ್ಸು 47, ಭಾನುವಾರ ಬೆಳಿಗ್ಗೆ ಮಗನ ಜೊತೆ ಎಂಟಿಬಿ, ಅಂದ್ರೆ ಕಾಡು-ಗುಡ್ಡದ ದಾರೀಲಿ ಓಡಿಸೋ ಮೌಂಟನ್ ಬೈಕ್ ಸೈಕಲ್ ಓಡಿಸ್ತೀನಿ ಅಷ್ಟೇ. 2019ರಲ್ಲಿ ತುರಹಳ್ಳಿ ಕಾಡಲ್ಲಿ ಬಂಡೆ ಇಳಿಯೋವಾಗ ಬಿದ್ದೆ. ಸ್ಪೀಡ್ ಅಂದ್ರೆ ನಡ್ಕೊಂಡು ಹೋಗೋರಿಗಿಂತ ಒಂಚೂರು ಜಾಸ್ತಿ ಇರ್ಬೋದು, ಮುಂದಿನ ಚಕ್ರ ಕೊರಕಲಿಗೆ ಸಿಕ್ಕಾಕ್ಕೊಂಡು ಸೈಕಲ್ ಅಲ್ಲೇ ನಿಂತೋಯ್ತು, ನಾನು ಹ್ಯಾಂಡಲ್ ಮೇಲಿಂದ ಮುಂದಕ್ಕೆ ಹೋದೆ. ಎರಡೂ ಕೈ ಬ್ರೇಕ್ ಮೇಲಿರುತ್ತೆ, ಕೈ ಊರೋಕೂ ಟೈಮ್ ಸಿಗಲ್ಲ, ಸೀದಾ ಮುಖಾನೇ ಕಲ್ಲಿಗೆ. ತಲೆ ಮೇಲಿದ್ದ ಮಾಮೂಲಿ ಹೆಲ್ಮೆಟ್‌ಗೆ ಒಂದು ಗೀರೂ ಬಿದ್ದಿರ್ಲಿಲ್ಲ. ಗದ್ದಕ್ಕೆ ಏಳು ಹೊಲಿಗೆ, ಮುಂದಿನ ಎರಡು ಹಲ್ಲು ಹೋಯ್ತು, ಒಂದು ತಿಂಗಳು ಗಂಜಿ, ಮಜ್ಜಿಗೆ ಅನ್ನದಲ್ಲೇ ಕಳೆದೆ. ಅವತ್ತಿಂದ ನನಗೆ ಗದ್ದ ಮುಚ್ಚೋ ಹೆಲ್ಮೆಟ್ಟೇ ಬೇಕು. ಶೋಕಿಗೆ ಅಲ್ಲ.

ನಿಮ್ಮ ಸೈಟಲ್ಲಿ 11,499 ರೂಪಾಯಿಗೆ ಫುಲ್ ಫೇಸ್ ಹೆಲ್ಮೆಟ್ ಹಾಕಿದ್ರಲ್ಲ, ಅದನ್ನೇ ತಗೊಂಡೆ. ಅದರ ಕೆಳಗೆ ಎಎಸ್‌ಟಿಎಂ ಎಫ್1952 ಸರ್ಟಿಫೈಡ್, ತೂಕ 780 ಗ್ರಾಂ ಅಂತ ನೀವೇ ಬರ್ದಿದೀರಿ, ಸ್ಕ್ರೀನ್‌ಶಾಟ್ ಇದೆ. ಮನೆಗೆ ಬಂದಿದ್ದರ ಒಳಗಡೆ ಸ್ಟಿಕರಲ್ಲಿ ಇರೋದು ಇಎನ್ 1078 ಒಂದೇ. ಹೆಲ್ಮೆಟ್ ಮಾರೋ ನಿಮಗೆ ಇವೆರಡರ ವ್ಯತ್ಯಾಸ ನಾನು ಹೇಳ್ಬೇಕಾಗಿಲ್ಲ. ಇಎನ್ 1078 ಅನ್ನೋದು ಯೂರೋಪಿನ ಮಾಮೂಲಿ ಸೈಕಲ್ ಹೆಲ್ಮೆಟ್ ಟೆಸ್ಟು, ಹೆಚ್ಚುಕಮ್ಮಿ ಒಂದೂವರೆ ಮೀಟರ್ ಎತ್ತರದಿಂದ ಬೀಳಿಸಿ ತಲೆ ಭಾಗ ನೋಡ್ತಾರೆ, ಗದ್ದದ ಮುಂದಿನ ಗಾರ್ಡ್ ಅನ್ನ ಅದರಲ್ಲಿ ಟೆಸ್ಟೇ ಮಾಡಲ್ಲ. ಎಫ್1952 ಗುಡ್ಡದಿಂದ ಜೋರಾಗಿ ಇಳಿಸೋ ಡೌನ್‌ಹಿಲ್ ಹೆಲ್ಮೆಟ್‌ಗೆ ಅಂತಾನೇ ಇರೋದು, ಅದರಲ್ಲಿ ಆ ಗದ್ದದ ಗಾರ್ಡ್, ಅಂದ್ರೆ ಚಿನ್ ಬಾರ್‌ಗೂ ಏಟು ಹಾಕಿ ನೋಡ್ತಾರೆ. ನಾನು ದುಡ್ಡು ಕೊಟ್ಟಿದ್ದೇ ಆ ಚಿನ್ ಬಾರ್‌ಗೆ. ಒಳಗಿನ ಪ್ಯಾಡ್ ಎತ್ತಿ ಹೆಬ್ಬೆಟ್ಟಲ್ಲಿ ಒತ್ತಿದೆ, ಫೋಮ್ ಇಲ್ಲ, ಬರೀ ಟೊಳ್ಳು ಪ್ಲಾಸ್ಟಿಕ್, ಒತ್ತಿದ ಕಡೆ ಒಳಕ್ಕೆ ಹೋಗಿ ಟಪ್ ಅಂತ ವಾಪಸ್ ಬರುತ್ತೆ. ಅಡುಗೆಮನೆ ತಕ್ಕಡೀಲಿ ಇಟ್ರೆ 1,040 ಗ್ರಾಂ. ಡಬ್ಬದ ಮೇಲೆ ಆಮದು ಮಾಡಿದೋರ ಹೆಸರೂ ಇಲ್ಲ, ವಿಳಾಸಾನೂ ಇಲ್ಲ.

ಹದಿನೈದು ದಿನದ ರಿಟರ್ನ್ ರೂಲು ನಿಮ್ಮದೇ. ನಾನು ಫೋನ್ ಮಾಡಿದ್ದು ಮೂರನೇ ದಿನ. ಮೊದಲು ಫೋಟೋ ಕಳ್ಸಿ ಅಂದ್ರು ಕಳಿಸ್ದೆ, ಆಮೇಲೆ ವಿಡಿಯೋ ಅಂದ್ರು ಅದನ್ನೂ ಕಳಿಸ್ದೆ, ಆಮೇಲೆ ವೇರ್‌ಹೌಸ್ ಟೀಮ್ ನೋಡ್ತಿದೆ ಅಂದ್ರು, ಹೀಗೇ ಎಳ್ದು ಎಳ್ದು ಹದಿನಾರನೇ ದಿನ ಟೈಮ್ ಮುಗೀತು ಮೇಡಂ ಅಂತ ಮೆಸೇಜ್ ಬಂತು. ಅಂಗಡಿಗೆ ಹೋಗಿ ಕೇಳಿದ್ರೆ ಮ್ಯಾನೇಜರ್ ಇಲ್ಲ, ಶನಿವಾರ ಬನ್ನಿ ಅಂದ್ರು. ಮಗನ್ನ ಕರ್ಕೊಂಡು ಶನಿವಾರ ಬಂದೆ.

ಕೌಂಟರಲ್ಲಿದ್ದ ಹುಡುಗ ಡಬ್ಬ ಬಿಚ್ಚಿ ನೋಡ್ದ, ನನ್ನನ್ನ ನೋಡ್ದ, ಮತ್ತೆ ಹೆಲ್ಮೆಟ್ ನೋಡ್ದ. "ಆಂಟಿ, ಇದು ಯಾರಿಗೆ?" ಅಂದ. ನನಗೆ ಅಂದೆ. "ಎಲ್ಲಿ ಓಡಿಸ್ತೀರಾ?" ತುರಹಳ್ಳಿ ಕಡೆ ಅಂದೆ. "ಅಯ್ಯೋ ಅಲ್ಲಿಗೆ ಯಾಕ್ ಆಂಟಿ ಇದು, ಇದು ಜಂಪ್ ಹೊಡೆಯೋರಿಗೆ, ಹಾಕ್ಕೊಂಡ್ ಹೋದ್ರೆ ಜನ ನಗ್ತಾರೆ." ನಾನು ಸ್ಟಿಕರ್ ತೋರಿಸ್ದೆ, ಅವನು ಅದನ್ನ ನೋಡಲೇ ಇಲ್ಲ. ಯೂಸ್ ಮಾಡಿದೀರಾ ಇಲ್ವಾ ಚೆಕ್ ಮಾಡ್ಬೇಕು, ಹಾಕ್ಕೊಳ್ಳಿ ಅಂದ. ಚೆಕ್ ಮಾಡೋದು ಹಾಗೇ ಇರ್ಬೇಕು ಅಂದ್ಕೊಂಡು ಹಾಕ್ಕೊಂಡೆ. ಅಲ್ಲೇ ಬೆಲ್ ನೋಡ್ತಿದ್ದ ಮೂರು ಜನ ತಿರುಗಿದ್ರು. ಅವನು ಮಡಿಚಿದ ಬೆರಳಿಂದ ನನ್ನ ತಲೆ ಮೇಲೆ ಟಕ್ ಟಕ್ ಟಕ್ ಅಂತ ಮೂರು ಸಲ ಬಡಿದು "ಕೇಳಿಸ್ತಾ ಆಂಟಿ? ಗಟ್ಟಿಯಾಗೇ ಇದೆಯಲ್ಲ" ಅಂದ. ಅವರು ನಕ್ಕರು. ನನಗೆ ಗದ್ದದ ಕೆಳಗಿನ ಸ್ಟ್ರಾಪ್ ಬಿಚ್ಚೋಕೆ ಆಗ್ತಿಲ್ಲ, ಕೈ ನಡುಗ್ತಾ ಇದೆ, ಒಳಗೆ ಉಸಿರು ಬಿಸಿ ಬಿಸಿ. ಹದಿಮೂರು ವರ್ಷದ ನನ್ನ ಮಗ ನೆಲ ನೋಡ್ತಾ ನಿಂತಿದ್ದ. ಕೊನೆಗೆ ಅವನೇ ಬಂದು ಸ್ಟ್ರಾಪ್ ಬಿಚ್ಚಿದ. ಆಮೇಲೆ ಆ ಹುಡುಗ ಪ್ಯಾಡಿಂದ ಒಂದು ಕೂದಲು ತೆಗೆದು ಬೆಳಕಿಗೆ ಹಿಡಿದು "ನೋಡಿ, ಯೂಸ್ ಆಗಿದೆ, ರಿಟರ್ನ್ ಬರಲ್ಲ" ಅಂದ. ಆ ಕೂದಲು ಅವನು ಹಾಕ್ಕೊಳ್ಳಿ ಅಂದಾಗ ಬಿದ್ದಿದ್ದು. ಮ್ಯಾನೇಜರ್ ಎರಡು ಮಾರು ದೂರದಲ್ಲಿ ಫೋನ್ ನೋಡ್ಕೊಂಡು ಕೂತಿದ್ರು, ತಲೆ ಎತ್ತಲಿಲ್ಲ.

ಕ್ಯಾಶುಯಲ್ ಆಗಿ ಓಡ್ಸೋರು ಬೀಳಲ್ವಾ? ಜಂಪ್ ಹೊಡೆಯೋರಿಗೆ ಬೀಳೋದು ಹೇಗೆ ಅಂತಾನಾದ್ರೂ ಗೊತ್ತಿರುತ್ತೆ, ನಮ್ಮಂಥೋರಿಗೆ ಅದೂ ಗೊತ್ತಿರಲ್ಲ, ಕಲ್ಲು ಮಾತ್ರ ಇಬ್ಬರಿಗೂ ಒಂದೇ. ಬಿಸಿಲಿಗೆ ಸೆಕೆ ಆಗುತ್ತೆ, ಹತ್ತೋವಾಗ ಉಸಿರು ಕಟ್ಟುತ್ತೆ, ಅದೆಲ್ಲ ಗೊತ್ತಿದ್ದೇ ತಗೊಂಡಿದೀನಿ. ಅದು ಬೇಕೋ ಬೇಡ್ವೋ ಹೇಳೋದು ನಿಮ್ಮ ಕೆಲಸ ಅಲ್ಲ. ಬರ್ದಿದ್ದನ್ನ ಕೊಡೋದು ನಿಮ್ಮ ಕೆಲಸ. ಇದನ್ನ ನಂಬಿ ಇನ್ನೊಬ್ಬರು ಯಾರೋ ಮಕ್ಕಳಿಗೆ ಹಾಕಿ ಕಳ್ಸಿದ್ರೆ? ಇವತ್ತು ಬೆಳಿಗ್ಗೆ ನೋಡ್ದೆ, ಸೈಟಲ್ಲಿ ಇನ್ನೂ ಎಫ್1952 ಅಂತಾನೇ ಇದೆ.

ಏಳು ದಿನ ಟೈಮ್ ಕೊಡ್ತೀನಿ. ಪೂರ್ತಿ ದುಡ್ಡು ವಾಪಸ್ ಬರ್ಬೇಕು, ಸೈಟಿಂದ ಆ ಸುಳ್ಳು ಹೋಗ್ಬೇಕು, ಶನಿವಾರದ್ದಕ್ಕೆ ಮ್ಯಾನೇಜರ್ ಬರವಣಿಗೇಲಿ ಕ್ಷಮೆ ಕೇಳ್ಬೇಕು, ನನ್ನ ಮಗನ ಹೆಸರಿಗೂ ಸೇರಿಸಿ. 2020ರ ಇ-ಕಾಮರ್ಸ್ ರೂಲ್ಸ್ ಪ್ರಕಾರ ದೂರು ಬಂದ 48 ಗಂಟೇಲಿ ತಲುಪಿದೆ ಅಂತ ಹೇಳ್ಬೇಕು, ಒಂದು ತಿಂಗಳಲ್ಲಿ ಬಗೆಹರಿಸ್ಬೇಕು. ನಿಮಗೆ ಇದು ಗೊತ್ತಿದೆ, ನನ್ನ ಮೂರೂ ಮೇಲ್‌ಗೆ ಒಂದು ಉತ್ತರಾನೂ ಬಂದಿಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡೋದು ನನಗೇನೂ ಕಷ್ಟ ಅಲ್ಲ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಐದು ಲಕ್ಷದವರೆಗೆ ಫೀಸಿಲ್ಲ, ವಕೀಲರೂ ಬೇಕಿಲ್ಲ, ನಾನೇ ನಿಂತು ಹೇಳ್ತೀನಿ. ಸುಳ್ಳು ಜಾಹೀರಾತಿಗೆ ಹತ್ತು ಲಕ್ಷದವರೆಗೆ ದಂಡ ಇದೆ. ಡಬ್ಬದ ಮೇಲೆ ಹೆಸರಿಲ್ಲ ಅಂತ ತೂಕ, ಅಳತೆ, ಡಬ್ಬದ ಮೇಲಿನ ವಿವರ ನೋಡೋ ಕಾನೂನು ಮಾಪನ ಇಲಾಖೆಗೆ ಬೇರೆ ದೂರು ಹೋಗುತ್ತೆ.

ಹೆಲ್ಮೆಟ್, ಡಬ್ಬ, ಬಿಲ್ಲು ಮನೇಲೇ ಇದೆ. ಬೇಕಿದ್ರೆ ನೀವೇ ಬಂದು ತಗೊಂಡ್ಹೋಗಿ, ನಾನಂತೂ ಇನ್ನು ನಿಮ್ಮ ಅಂಗಡಿ ಮೆಟ್ಟಿಲು ಹತ್ತಲ್ಲ. ಆಯೋಗದಲ್ಲಿ ಹಾಜರಿ ಕೂಗಿದಾಗ ಸಿಗೋಣ.

ಇಂತಿ,
ಹೆಲ್ಮೆಟ್ ತಗೊಂಡ ಗ್ರಾಹಕಿ
ಬೆಂಗಳೂರು