ಬ್ಲೀಚ್‌ಗೆ ಆಸಿಡ್ ಬೆರೆಸಬೇಡಿ

ಮಾನ್ಯರೇ,

ಬೆಂಗಳೂರಿನ ಆಫೀಸುಗಳಲ್ಲಿ ನೆಲ, ಟಾಯ್ಲೆಟ್ ಫಳಫಳ ಹೊಳೆಯಬೇಕು. ಸರಿ. ಆದರೆ ತೊಳೆಯುವವರ ಕೈಗೆ ಏನು ಕೊಟ್ಟಿದ್ದಾರೆ ಅಂತ ಯಾರೂ ನೋಡುವುದಿಲ್ಲ. ನಮ್ಮ ಕಟ್ಟಡದ ಸ್ಟೋರ್ ರೂಮಿಗೆ ಇಣುಕಿದರೆ, ಹಳೇ ನೀರಿನ ಬಾಟಲಿಗಳಲ್ಲಿ ಆಸಿಡ್, ಬ್ಲೀಚ್, ಫಿನಾಯಿಲ್. ಚೀಟಿ ಇಲ್ಲ, ಒಂದಕ್ಕೆ ಮುಚ್ಚಳವೂ ಇಲ್ಲ. ಬಾಯಾರಿದವರು ಯಾರಾದರೂ ಎತ್ತಿ ಕುಡಿದರೆ?

ಕಲೆ ಹೋಗದಿದ್ದರೆ ಆಸಿಡ್, ಬ್ಲೀಚ್ ಎರಡನ್ನೂ ಸುರಿದು ಉಜ್ಜುವುದು ರೂಢಿ. ಟಾಯ್ಲೆಟ್ ಕ್ಲೀನರ್‌ನಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತದೆ. ಅದು ಬ್ಲೀಚ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಗಾಳಿಗಿಂತ ಭಾರ, ಹಾಗಾಗಿ ಬಗ್ಗಿ ಉಜ್ಜುವವರ ಮೂಗಿಗೇ ಮೊದಲು. ಕಣ್ಣುರಿ, ಕೆಮ್ಮು. ಜಾಸ್ತಿಯಾದರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಎಕ್ಸಾಸ್ಟ್ ಫ್ಯಾನ್ ಕೆಟ್ಟ ಟಾಯ್ಲೆಟ್ ಆದರಂತೂ ಕೇಳುವುದೇ ಬೇಡ. ಬಟ್ಟೆ ಮಾಸ್ಕ್ ಇದನ್ನು ತಡೆಯುವುದಿಲ್ಲ.

ಕೇಳಿದರೆ ಆಫೀಸಿನವರು ತೊಳೆಯುವವರನ್ನು ಕಳಿಸುವ ಏಜೆನ್ಸಿಯತ್ತ ಬೆರಳು ತೋರಿಸುತ್ತಾರೆ, ಏಜೆನ್ಸಿಯವರು ಸೂಪರ್‌ವೈಸರ್ ಕಡೆಗೆ. ತಯಾರಕರು ಕೊಡುವ ಸುರಕ್ಷತಾ ಮಾಹಿತಿ ಹಾಳೆ ಇಂಗ್ಲಿಷಿನಲ್ಲಿದ್ದು, ಫೈಲಿನೊಳಗೆ ಭದ್ರವಾಗಿರುತ್ತದೆ. ಅದರ ನಾಲ್ಕು ಸಾಲನ್ನು ಕನ್ನಡ, ತೆಲುಗು, ಹಿಂದಿಯಲ್ಲಿ ಗೋಡೆಗೆ ಅಂಟಿಸಲು ಎಷ್ಟು ಖರ್ಚಾದೀತು? ರಬ್ಬರ್ ಗ್ಲೌಸ್, ಸುರಕ್ಷತಾ ಕನ್ನಡಕ ಕೊಡಲಿ. ಕಣ್ಣಿಗೆ ಸಿಡಿದರೆ ತಕ್ಷಣ ಹರಿಯುವ ನೀರಿನಲ್ಲಿ ಕನಿಷ್ಠ 15 ನಿಮಿಷ ತೊಳೆಯಬೇಕು, ಆಸ್ಪತ್ರೆ ಆಮೇಲೆ ಎಂದು ಹೇಳಿಕೊಡಲಿ. ಕಾರ್ಮಿಕ ಇಲಾಖೆಯವರು ತಪಾಸಣೆಗೆ ಬಂದಾಗ ಹಾಜರಿ ಪುಸ್ತಕದ ಜೊತೆಗೆ ಈ ಸ್ಟೋರ್ ರೂಮುಗಳನ್ನೂ ತೆರೆಸಿ ನೋಡಲಿ.

– ಓದುಗ, ಜಯನಗರ, ಬೆಂಗಳೂರು