ಸಿಸ್ಟರ್, ನಿಮಗೆ ಥ್ಯಾಂಕ್ಸ್ ಹೇಳೋದು ಬಾಕಿ ಇತ್ತು

2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ನಮ್ಮ ಓಣಿಗೆ ನುಗ್ಗಿದಾಗ ಅಕ್ಕಿ, ಚಾದರ ಕೊಟ್ಟವರು ಬಹಳ ಜನ. ಅವರಿಗೂ ಕೈ ಮುಗಿಯುತ್ತೇನೆ. ಆದರೆ ನೀರು ಇಳಿದ ಮೇಲೂ ಬರುತ್ತಲೇ ಇದ್ದವರು ನೀವೊಬ್ಬರೇ. ಸೀರೆ ಅಂಚಿಗೆ ಕೆಸರು ಮೆತ್ತಿಕೊಂಡು ನಮ್ಮ ಜಗಲಿಯಲ್ಲೇ ಕೂತು ಹೆಂಗಸರ ಸಂಘ ಕಟ್ಟಿಸಿದಿರಿ. ಯಾರ ಜಾತಿ, ಧರ್ಮವನ್ನೂ ಕೇಳಲಿಲ್ಲ.

ನಮ್ಮನ್ನು ಓಣಿಯಿಂದ ಎಬ್ಬಿಸಬೇಡಿ ಅನ್ನೋ ಅರ್ಜಿ ನೀವೇ ಬರೆದುಕೊಡಬಹುದಿತ್ತು, ಅಲ್ವಾ? ಬರೆಯಲಿಲ್ಲ. 1973ರ ಕೊಳೆಗೇರಿ ಕಾಯ್ದೆ ಇದೆ, ಕೊಳೆಗೇರಿ ಅಂತ ಸರ್ಕಾರ ಘೋಷಿಸಿದ ಜಾಗದಿಂದ ಜನರನ್ನು ಸುಮ್ನೆ ಎಬ್ಬಿಸುವ ಹಾಗಿಲ್ಲ ಅಂತ ಬಿಡಿಸಿ ಹೇಳಿ, ಪೆನ್ನು ನಮ್ಮ ಕೈಗೆ ಕೊಟ್ಟಿರಿ. ಹೆಬ್ಬೆಟ್ಟು ಒತ್ತುತ್ತಿದ್ದ ಅಮ್ಮ ಅವತ್ತು ಮೊದಲ ಸಲ ಸಹಿ ಹಾಕಿದರು. ಕೊನೆಯ ಅಕ್ಷರ ಗೆರೆ ದಾಟಿ ಕಾಗದದ ಅಂಚಿಗೆ ಹೋಗಿತ್ತು.

ನಿಮಗೆ ಬೇರೆ ಊರಿಗೆ ವರ್ಗವಾಯಿತಂತೆ. ಅಮ್ಮ ಈಗಲೂ ಬ್ಯಾಂಕಿನಲ್ಲಿ ಸಹಿಯನ್ನೇ ಹಾಕುತ್ತಾರೆ, ಸಿಸ್ಟರ್.