ಮಗಳಿಗೊಂದು ಪತ್ರ: ನೀಟ್ ಜೊತೆಗೆ ನರ್ಸಿಂಗ್ ಅರ್ಜಿ

ಬೆಂಗಳೂರು

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಈ ಸಲವೂ ನೀಟ್‌ನಲ್ಲಿ ಸೀಟು ಸಿಗುವಷ್ಟು ಅಂಕ ಬಾರದಿದ್ದರೆ ನರ್ಸಿಂಗ್ ಸೇರಬಹುದೇ ಎಂದು ಹಾಸ್ಟೆಲಿನಿಂದ ಬರೆದಿದ್ದೀಯೆ. ಸೇರಬಹುದು ಎಂಬುದೇ ನನ್ನ ಉತ್ತರ. ಆದರೆ ಅದನ್ನು ಡಾಕ್ಟರಾಗುವ ಬಳಸುದಾರಿ ಎಂದುಕೊಂಡು ಸೇರಬೇಡ; ಬಿ.ಎಸ್ಸಿ. ನರ್ಸಿಂಗಿನ ನಾಲ್ಕು ವರ್ಷ ಮುಗಿಸಿದವರೂ ಎಂ.ಬಿ.ಬಿ.ಎಸ್. ಬೇಕೆಂದರೆ ಮತ್ತೆ ನೀಟ್ ಬರೆದು ಮೊದಲ ವರ್ಷದಿಂದಲೇ ಓದಬೇಕು. ದುಡಿಯುವ ವಯಸ್ಸೆಲ್ಲ ಈ ಕೆಲಸದಲ್ಲೇ ಕಳೆಯಬಲ್ಲೆಯಾ ಎಂಬುದನ್ನು ಈಗಲೇ ಯೋಚಿಸು.

ಅಜ್ಜಿ ಐಸಿಯುವಿನಲ್ಲಿದ್ದಾಗ ಡಾಕ್ಟರು ರೌಂಡ್ಸಿಗೆ ಬಂದು ಹೋಗುತ್ತಿದ್ದರು. ಉಳಿದ ಹೊತ್ತೆಲ್ಲ ಬಿಪಿ, ಉಸಿರಾಟ, ಮೂತ್ರದ ಪ್ರಮಾಣಗಳನ್ನು ಗಂಟೆಗಂಟೆಗೆ ಬರೆದಿಡುತ್ತಿದ್ದವರು, ಬೆನ್ನಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುತ್ತಿದ್ದವರು, ನಡುರಾತ್ರಿ ಆಮ್ಲಜನಕದ ಮಟ್ಟ ಇಳಿದದ್ದನ್ನು ಮೊದಲು ಗಮನಿಸಿ ಡ್ಯೂಟಿ ಡಾಕ್ಟರನ್ನು ಕರೆಸಿದವರು ಅಲ್ಲಿನ ಸಿಸ್ಟರ್‌ಗಳು. ಅದು ತಿಳಿವಳಿಕೆಯ ಕೆಲಸವೆಂದು ನಾನು ಅಂದಿನಿಂದ ನಂಬಿದ್ದೇನೆ. ನೈಟ್ ಡ್ಯೂಟಿ, ಮಲಮೂತ್ರದ ಶುಚಿ, ರೋಗಿಯ ಮನೆಯವರ ಸಿಟ್ಟು ಇವೆಲ್ಲವೂ ಅದರೊಳಗೇ ಇವೆ. ಇದನ್ನು ನಿನ್ನಿಂದ ಮುಚ್ಚಿಡಲಾರೆ.

ಕರ್ನಾಟಕದಲ್ಲಿ ಬಿ.ಎಸ್ಸಿ. ನರ್ಸಿಂಗ್ ಸೀಟುಗಳು ಪರೀಕ್ಷಾ ಪ್ರಾಧಿಕಾರದ ಸಿಇಟಿ ಮೂಲಕ ಹಂಚಿಕೆಯಾಗುತ್ತವೆ. ನೀಟ್ ಫಲಿತಾಂಶ ಬಂದ ಮೇಲೆ ನೋಡೋಣವೆಂದು ಕುಳಿತರೆ ಆ ಬಾಗಿಲು ಅಷ್ಟರಲ್ಲೇ ಮುಚ್ಚಿರುತ್ತದೆ. ಆದ್ದರಿಂದ ಎರಡೂ ಅರ್ಜಿಗಳನ್ನು ಜೊತೆಜೊತೆಗೇ ಹಾಕಬೇಕು. ಮಾನಸಿಕ ಆರೋಗ್ಯ ಮತ್ತು ನರರೋಗಗಳ ಕೇಂದ್ರ ಸಂಸ್ಥೆಯಾದ ನಿಮ್ಹಾನ್ಸ್‌ನ ಪ್ರವೇಶ ಪ್ರಕ್ರಿಯೆ ಬೇರೆಯೇ ಇದೆ, ಅದರ ಪ್ರಕಟಣೆಯನ್ನು ಅಪ್ಪ ಗಮನಿಸುತ್ತಿದ್ದಾರೆ. ಮೂರು ವರ್ಷದ ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಕೂಡ ಇದೆ. ಆದರೆ ಪಿಯುಸಿಯಲ್ಲಿ ವಿಜ್ಞಾನ ಓದಿದ ನಿನಗೆ ಪದವಿಯೇ ಒಳ್ಳೆಯದು, ಮುಂದೆ ಎಂ.ಎಸ್ಸಿ. ಮಾಡುವುದಕ್ಕೂ ಅದು ನೇರ ದಾರಿ.

ಕಾಲೇಜಿನ ಆಯ್ಕೆಯಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ಈ ಊರಿನಲ್ಲಿ ನರ್ಸಿಂಗ್ ಕಾಲೇಜುಗಳಿಗೆ ಬರವಿಲ್ಲ. ಏಜೆಂಟರು ಫೋನ್ ಮಾಡಿ ಸೀಟು ಕೊಡಿಸುತ್ತೇವೆನ್ನುತ್ತಾರೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಯೋಜನೆಯೂ ನರ್ಸಿಂಗ್ ಪರಿಷತ್ತಿನ ಮಾನ್ಯತೆಯೂ ಇಲ್ಲದ ಕಡೆ ಓದಿದರೆ ರಾಜ್ಯ ಪರಿಷತ್ತಿನಲ್ಲಿ ನೋಂದಣಿಯಾಗದು, ನೋಂದಣಿಯಿಲ್ಲದೆ ನರ್ಸಾಗಿ ದುಡಿಯುವಂತಿಲ್ಲ. ಕಾಲೇಜಿಗೆ ಸ್ವಂತ ಆಸ್ಪತ್ರೆಯಿದೆಯೇ, ಅಲ್ಲಿನ ಹಾಸಿಗೆಗಳಲ್ಲಿ ನಿಜವಾಗಿ ರೋಗಿಗಳಿದ್ದಾರೆಯೇ, ಹೆರಿಗೆ, ಮಕ್ಕಳು, ಮಾನಸಿಕ ಆರೋಗ್ಯದ ಪೋಸ್ಟಿಂಗುಗಳಿಗೆ, ಅಂದರೆ ವಾರ್ಡಿನ ತರಬೇತಿಗೆ, ಎಲ್ಲಿಗೆ ಕಳುಹಿಸುತ್ತಾರೆ, ಮೂಲ ಅಂಕಪಟ್ಟಿಯನ್ನು ಇಟ್ಟುಕೊಳ್ಳುತ್ತಾರೆಯೇ, ಓದಿನ ನಂತರ ಅಲ್ಲೇ ಕೆಲಸ ಮಾಡಬೇಕೆಂಬ ಬಾಂಡ್ ಇದೆಯೇ ಎಂಬುದನ್ನು ಕಾಲೇಜಿನ ಕಚೇರಿಯಲ್ಲಲ್ಲ, ಅಲ್ಲಿ ಮೂರನೆಯ ವರ್ಷದಲ್ಲಿರುವ ಹುಡುಗಿಯರನ್ನು ಕೇಳಬೇಕು. ಹೆರಿಗೆಗೆ ವಾಣಿವಿಲಾಸ, ಕ್ಯಾನ್ಸರಿಗೆ ಕಿದ್ವಾಯಿ, ಹೃದಯಕ್ಕೆ ಜಯದೇವ, ಜೊತೆಗೆ ನಿಮ್ಹಾನ್ಸ್, ಇಂಥ ಆಸ್ಪತ್ರೆಗಳು ಒಂದೇ ಊರಿನಲ್ಲಿರುವುದು ಬೆಂಗಳೂರಿನಲ್ಲಿ ಓದುವವರ ಭಾಗ್ಯ, ಅದು ನಿನಗೆ ದಕ್ಕಬೇಕು.

ಸಂಬಳದ ವಿಷಯ: ಖಾಸಗಿ ಆಸ್ಪತ್ರೆಗಳಲ್ಲಿ ಆರಂಭದ ವೇತನ ಆ ದುಡಿಮೆಗೆ ತಕ್ಕಷ್ಟಿಲ್ಲ, ಅದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಏಮ್ಸ್‌ನಂಥ ಕೇಂದ್ರ ಸಂಸ್ಥೆಗಳಲ್ಲಿ ನರ್ಸಿಂಗ್ ಆಫೀಸರ್ ಹುದ್ದೆಯ ಮೂಲ ವೇತನ 7ನೇ ವೇತನ ಆಯೋಗದಂತೆ 44,900 ರೂಪಾಯಿಯಿಂದ ಶುರುವಾಗುತ್ತದೆ. ಅದಕ್ಕೆ ಸ್ಪರ್ಧಾತ್ಮಕ ಪರೀಕ್ಷೆ ಬರೆಯಬೇಕು.

ಮುಂದಿನ ರಜೆಗೆ ಬಂದಾಗ, ವಾರ್ಡಿನಲ್ಲಿ ಕೆಲಸ ಮಾಡುವ ನಮ್ಮ ಪಕ್ಕದ ಮನೆಯ ಅಕ್ಕನ ಜೊತೆ ಒಂದು ಸಂಜೆ ಕೂತು ಮಾತನಾಡು. ನನ್ನನ್ನು ಕರೆಯಬೇಡ, ನೀವಿಬ್ಬರೇ ಮಾತನಾಡಿ. ಅಲ್ಲಿಯವರೆಗೆ ನೀಟ್ ಓದು ನಿಲ್ಲದಿರಲಿ. ಜಾತಿ, ಆದಾಯ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಗಳನ್ನು ಅಪ್ಪ ತೆಗೆದಿಟ್ಟಿದ್ದಾರೆ. ಸಿಇಟಿ ಅರ್ಜಿ ಹಾಕಲು ನಿನ್ನ ಒಪ್ಪಿಗೆಯನ್ನು ಈ ವಾರವೇ ತಿಳಿಸು.

ಇಂತಿ,
ನಿನ್ನ ಅಮ್ಮ